ಬ್ಯಾಕಪ್ ಹೊತ್ತಿನಲ್ಲಿ ಆಂಟಿವೈರಸ್ ಒಳ್ಳೆಯ ಫೈಲನ್ನೇ ತೆಗೆದುಹಾಕಿದರೆ ಏನು ಮಾಡಬೇಕು

ಬ್ಯಾಕಪ್ ಮುಗಿದಿದೆ, ಆದರೆ ಒಂದು ಫೈಲು ಮೂಲ ಫೋಲ್ಡರಿನಿಂದಲೇ ಕಾಣೆಯಾಗಿದೆ. ಹೀಗಾದಾಗ ಮೊದಲು ಮಾಡಬೇಕಾದ ಕೆಲಸ ಒಂದೇ: ಮುಂದಿನ ಬ್ಯಾಕಪ್ ನಿಲ್ಲಿಸಿ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ತೆರೆದು ಬ್ಯಾಕಪ್ ಕೆಲಸವನ್ನು ಡಿಸೇಬಲ್ ಮಾಡಿ. ಬ್ಯಾಕಪ್ ಆಗುವುದು ಯುಎಸ್‌ಬಿ ಡಿಸ್ಕಿಗಾದರೆ ಕೇಬಲ್ ಕಳಚಿ ಪಕ್ಕಕ್ಕಿಡಿ. ಹುಡುಕಾಟ, ರಿಸ್ಟೋರ್, ಕಂಪನಿಗೆ ದೂರು ಎಲ್ಲ ಆಮೇಲೆ.

ಇಷ್ಟು ಅವಸರಕ್ಕೆ ಕಾರಣ ಇದೆ. ಸಣ್ಣ ಆಫೀಸುಗಳಲ್ಲಿ ನಾನು ನೋಡುವ ಬ್ಯಾಕಪ್ ಹೆಚ್ಚಾಗಿ ಮಿರರ್ ಬ್ಯಾಕಪ್. ವಿಂಡೋಸ್‌ನ ಕಾಪಿ ಕಮಾಂಡ್ ಆದ ರೋಬೋಕಾಪಿಗೆ ಸ್ಲ್ಯಾಶ್ ಎಂಐಆರ್ (/MIR) ಅಂತ ಕೊಟ್ಟು ಒಂದು ಬ್ಯಾಚ್ ಫೈಲು, ಅಂದರೆ ಕಮಾಂಡ್‌ಗಳ ಪಟ್ಟಿ, ಬರೆದಿಟ್ಟಿರುತ್ತಾರೆ. ಮೂಲದಲ್ಲಿ ಏನಿದೆಯೋ ಕಾಪಿಯಲ್ಲೂ ಅದೇ ಇರಬೇಕು ಅನ್ನುವುದು ಅದರ ಲೆಕ್ಕ. ಮೂಲದಲ್ಲಿ ಇಲ್ಲದ್ದನ್ನು ಅದು ಕಾಪಿಯಿಂದಲೂ ಅಳಿಸುತ್ತದೆ. ಫೈಲನ್ನು ನೀವು ಅಳಿಸಿದಿರೋ, ಆಂಟಿವೈರಸ್ ಅಳಿಸಿತೋ ಅದಕ್ಕೆ ಗೊತ್ತಾಗುವುದಿಲ್ಲ. ಆಂಟಿವೈರಸ್ ಮಾಡಿದ್ದು ಒಂದು ತಪ್ಪು. ಅದನ್ನು ಎರಡನೇ ಕಾಪಿಗೂ ಹೊತ್ತುಕೊಂಡು ಹೋಗುವುದು ಮಿರರ್. ನಿಜವಾದ ನಷ್ಟ ಆಗುವುದು ಈ ಎರಡನೇ ಹೆಜ್ಜೆಯಲ್ಲಿ. ಒನ್‌ಡ್ರೈವ್, ಗೂಗಲ್ ಡ್ರೈವ್ ಸಿಂಕ್ ಕೂಡ ಇದೇ ರೀತಿ. ಅಲ್ಲಿ ಕಸದಬುಟ್ಟಿ ಇದೆ ನಿಜ, ಆದರೆ ಮನೆ ಬಳಕೆಯ ಖಾತೆಗಳಲ್ಲಿ ಅದು ಉಳಿಸಿಕೊಳ್ಳುವುದು 30 ದಿನ ಮಾತ್ರ.

ಶಿವಮೊಗ್ಗ, ಸಾಗರದ ಕಡೆ ಅಡಿಕೆ ಮಂಡಿ, ಆಡಿಟರ್ ಆಫೀಸು, ಡಿಟಿಪಿ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ‘ಇಷ್ಟು ವರ್ಷ ಸುಮ್ನೆ ಇದ್ದ ಫೈಲು ಬ್ಯಾಕಪ್ ಮಾಡುವಾಗಲೇ ಯಾಕೆ ವೈರಸ್ ಆಯ್ತು?’ ಅಂತ ತುಂಬ ಜನ ಕೇಳುತ್ತಾರೆ. ಆಂಟಿವೈರಸ್‌ನ ರಿಯಲ್ ಟೈಮ್ ಕಾವಲು ಫೈಲನ್ನು ಯಾರಾದರೂ ತೆರೆದಾಗ ಪರೀಕ್ಷೆ ಮಾಡುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಫೈಲು ಅದರ ಕಣ್ಣಿಗೆ ಬೀಳುವುದು ಅಪರೂಪ. ಬ್ಯಾಕಪ್ ಬಂದು ಅದನ್ನು ತೆರೆದು ಓದಿದ ತಕ್ಷಣ ಇವತ್ತಿನ ಸಿಗ್ನೇಚರ್ (ಗೊತ್ತಿರುವ ವೈರಸ್‌ಗಳ ಗುರುತಿನ ಪಟ್ಟಿ) ಜೊತೆ ಹೋಲಿಕೆ ಆಗುತ್ತದೆ. ದಿನದಿನದ ಬ್ಯಾಕಪ್ ಬದಲಾದ ಫೈಲುಗಳನ್ನಷ್ಟೇ ತೆರೆಯುತ್ತದೆ. ಅದಕ್ಕೇ ಈ ತೊಂದರೆ ಜಾಸ್ತಿ ಕಾಣುವುದು ಹೊಸ ಡಿಸ್ಕಿಗೆ ಮೊದಲ ಸಲ ಪೂರ್ತಿ ಕಾಪಿ ಹಾಕುವಾಗ.

ಸಿಕ್ಕಿಬೀಳುವ ಫೈಲುಗಳೂ ಹೆಚ್ಚುಕಡಿಮೆ ಒಂದೇ ಜಾತಿಯವು. ಡಿಜಿಟಲ್ ಸಹಿ ಇಲ್ಲದ ಹಳೆಯ ಇಎಕ್ಸ್‌ಇಗಳು (ಪ್ರೋಗ್ರಾಂ ಫೈಲುಗಳು), ಯುಪಿಎಕ್ಸ್ ಎಂಬ ಟೂಲಿನಿಂದ ಕುಗ್ಗಿಸಿದವು, ಸ್ಕ್ರಿಪ್ಟನ್ನು ಇಎಕ್ಸ್‌ಇ ಮಾಡುವ ಆಟೋಇಟ್ ಅಥವಾ ಪೈಇನ್‌ಸ್ಟಾಲರ್‌ನಲ್ಲಿ ಕಟ್ಟಿದ ಪುಟ್ಟ ಟೂಲುಗಳು, ಮ್ಯಾಕ್ರೋ (ಒಳಗೇ ಓಡುವ ಪುಟ್ಟ ಪ್ರೋಗ್ರಾಂ) ಇರುವ ಎಕ್ಸೆಲ್ ಶೀಟು, ಮರೆತ ಪಾಸ್‌ವರ್ಡ್ ತೋರಿಸುವ ಟೂಲುಗಳು. ಇಂಥವನ್ನು ಕಳ್ಳರೂ ಬಳಸುತ್ತಾರೆ, ಹಾಗಾಗಿ ಆಂಟಿವೈರಸ್ ಅನುಮಾನ ಪಡುತ್ತದೆ.

ಒಂದು ಮಂಡಿಯ ವಿಷಯ ಹೇಳುತ್ತೇನೆ. ಅವರ ಹಳೆಯ ಲೆಕ್ಕ ಇರುವುದು ಫಾಕ್ಸ್‌ಪ್ರೋ ಎಂಬ ಹಳೆಯ ಡೇಟಾಬೇಸ್ ಭಾಷೆಯಲ್ಲಿ ಬರೆದ ಪ್ರೋಗ್ರಾಂನಲ್ಲಿ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಬೇರೆ ಬೇರೆ ಖಾತೆ, ಬೆಳೆಗಾರರ ಮುಂಗಡ, ಹಮಾಲಿ, ದಲಾಲಿ ಎಲ್ಲ ಅದರಲ್ಲಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಬಿಲ್ಲಿಂಗ್ ಬೇರೆ ಸಾಫ್ಟ್‌ವೇರಿಗೆ ಹೋಯಿತು. ಹಳೆಯದನ್ನು ತೆರೆಯುವುದು ಯಾವುದಾದರೂ ಹಳೆ ಬಾಕಿಯ ತಕರಾರು ಬಂದಾಗ ಮಾತ್ರ. ಬರೆದುಕೊಟ್ಟವರು ಈಗ ಆ ಕೆಲಸದಲ್ಲಿಲ್ಲ, ಸೋರ್ಸ್ ಕೋಡ್ ಯಾರ ಹತ್ತಿರವೂ ಇಲ್ಲ. ಹೊಸ ಡಿಸ್ಕಿಗೆ ಪೂರ್ತಿ ಕಾಪಿ ಹಾಕಿದ ಮರುದಿನ ಗುಮಾಸ್ತರು ಫೋನ್ ಮಾಡಿದರು. ‘ಅಣ್ಣಾ, ಹಳೇ ಲೆಕ್ಕದ ಐಕಾನ್ ಬೆಳ್ಳಗೆ ಕಾಣ್ತಿದೆ, ಒತ್ತಿದ್ರೆ ಏನೂ ಬರ್ತಿಲ್ಲ’ ಅಂದರು. ಹಳೆಯ ಡಿಸ್ಕಿಗೆ ಅವತ್ತು ರಾತ್ರಿ ಮಿರರ್ ಓಡಬೇಕಿತ್ತು. ‘ಮೊದಲು ಆ ಡಿಸ್ಕಿನ ಕೇಬಲ್ ತೆಗೀರಿ, ನಾನು ಬರ್ತೀನಿ’ ಅಂದೆ.

ಅಲ್ಲಿ ನೋಡಿದ್ದು ರೋಬೋಕಾಪಿ ಲಾಗ್, ಅಂದರೆ ಅದು ಮಾಡಿದ ಕೆಲಸದ ದಾಖಲೆ. ಪ್ರೋಗ್ರಾಂನ ಇಎಕ್ಸ್‌ಇ ಹೆಸರಿನ ಎದುರು ಎರರ್ 225. ಕೆಳಗಿನ ಸಾಲಿನಲ್ಲೇ ಅದೇ ಫೈಲಿಗೆ ಎರರ್ 2. ಈ ಎರಡು ಸಾಲಿನಲ್ಲಿ ಪೂರ್ತಿ ಕಥೆ ಇದೆ. 225 ಅಂದರೆ ಫೈಲಿನಲ್ಲಿ ವೈರಸ್ ಇದೆಯೆಂದು ಓದಲು ಬಿಡಲಿಲ್ಲ. 2 ಅಂದರೆ ಮತ್ತೆ ಪ್ರಯತ್ನಿಸುವಷ್ಟರಲ್ಲಿ ಫೈಲೇ ಇರಲಿಲ್ಲ. ಡಿಬಿಎಫ್ ಡೇಟಾ ಫೈಲುಗಳೆಲ್ಲ ಸರಿಯಾಗಿ ಕಾಪಿ ಆಗಿದ್ದವು. ಕೆಲವು ಆಂಟಿವೈರಸ್‌ಗಳು 225ರ ಬದಲು ಎರರ್ 5 ಕೊಡುತ್ತವೆ, ಅಂದರೆ ಆಕ್ಸೆಸ್ ಡಿನೈಡ್. ಲಾಗ್ ಬರೆಯದ ಬ್ಯಾಕಪ್ ಇದ್ದರೆ ಇವತ್ತೇ ಸ್ಲ್ಯಾಶ್ ಲಾಗ್ ಸೇರಿಸಿ. ಜೊತೆಗೆ ಸ್ಲ್ಯಾಶ್ ಆರ್ 2 (/R:2), ಸ್ಲ್ಯಾಶ್ ಡಬ್ಲ್ಯೂ 5 (/W:5) ಕೊಡಿ, ಅಂದರೆ 5 ಸೆಕೆಂಡ್ ಬಿಟ್ಟು ಎರಡೇ ಸಲ ಮತ್ತೆ ಪ್ರಯತ್ನಿಸು ಅಂತ. ಕೊಡದಿದ್ದರೆ ರೋಬೋಕಾಪಿ ಒಂದೊಂದು ಕೆಟ್ಟ ಫೈಲಿಗೂ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತಾ ಕೂರುತ್ತದೆ.

ಈಗ ಆಂಟಿವೈರಸ್ ಏನು ಹೇಳುತ್ತದೆ ನೋಡೋಣ. ವಿಂಡೋಸ್ ಡಿಫೆಂಡರ್ ಆದರೆ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ವಿಭಾಗದ ಒಳಗೆ ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಿ. ಅಲ್ಲಿ ಸಿಗದಿದ್ದರೆ ಈವೆಂಟ್ ವ್ಯೂವರ್‌ನಲ್ಲಿ ಡಿಫೆಂಡರ್‌ನ ಆಪರೇಷನಲ್ ಲಾಗ್ ನೋಡಿ. 1116 ಅಂದರೆ ಪತ್ತೆ ಹಚ್ಚಿದ್ದು, 1117 ಅಂದರೆ ಕ್ರಮ ತೆಗೆದುಕೊಂಡದ್ದು. ಯಾವ ಫೈಲು, ಎಷ್ಟು ಹೊತ್ತಿಗೆ, ಯಾವ ಪ್ರೋಗ್ರಾಂ ತೆರೆದಾಗ ಅಂತ ಎಲ್ಲ ಬರೆದಿರುತ್ತದೆ. ವೈರಸ್ ಹೆಸರಿನ ಬಾಲವನ್ನೂ ಗಮನಿಸಿ. ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಮತ್ತು ಎಂಎಲ್ ಇದ್ದರೆ ಅದು ಮಷೀನ್ ಲರ್ನಿಂಗ್ ಊಹೆ. ಜೆನ್, ಹ್ಯೂರ್ ಅಂತ ಇದ್ದರೂ ಅಂದಾಜಿನ ಮೇಲೆ ಹಿಡಿದದ್ದು. ಇಂಥ ಹೆಸರು ಕಂಡರೆ ತಪ್ಪು ಗುಮಾನಿ ಇರಬಹುದು. ಹಾಗಂತ ಅದೇ ಸಾಕ್ಷಿ ಅಲ್ಲ.

ಸಾಕ್ಷಿ ಬೇಕಾದರೆ ಹ್ಯಾಶ್, ಅಂದರೆ ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು, ನೋಡಬೇಕು. ಈ ಹೆಜ್ಜೆ ಬಿಡಬೇಡಿ, ದಯವಿಟ್ಟು. ‘ನಮ್ಮದೇ ಫೈಲು, ಗೊತ್ತಿರೋದೇ’ ಅಂತ ರಿಸ್ಟೋರ್ ಒತ್ತಿಬಿಟ್ಟರೆ, ಆ ಫೈಲಿಗೆ ನಿಜವಾಗಿಯೂ ವೈರಸ್ ಅಂಟಿದ್ದರೆ ಏನು ಗತಿ? ಕಳಚಿಟ್ಟ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ. ಅಲ್ಲೂ ಆಂಟಿವೈರಸ್ ಇರುತ್ತದೆ ಅಲ್ವಾ, ಹಾಗಾಗಿ ನಾನು ಬಳಸುವುದು ಪೆನ್‌ಡ್ರೈವ್‌ನಿಂದ ಓಡುವ ಲಿನಕ್ಸ್. ಹಳೆಯ ಕಾಪಿಯ ಎಸ್‌ಎಚ್‌ಎ 256 ಹ್ಯಾಶ್ ತೆಗೆದು, ಬೇರೆ ಬೇರೆ ಆಂಟಿವೈರಸ್ ಎಂಜಿನ್‌ಗಳ ತೀರ್ಪು ತೋರಿಸುವ ವೈರಸ್‌ಟೋಟಲ್ ಜಾಲತಾಣದಲ್ಲಿ ಹುಡುಕಿ. ಹತ್ತಾರು ಎಂಜಿನ್‌ಗಳಲ್ಲಿ ಒಂದೆರಡು ಮಾತ್ರ, ಅದೂ ಅಂದಾಜಿನ ಹೆಸರಿನಲ್ಲಿ ಹಿಡಿದಿದ್ದರೆ ತಪ್ಪು ಗುಮಾನಿಯ ಸಾಧ್ಯತೆ ಜಾಸ್ತಿ. ಅರ್ಧಕ್ಕರ್ಧ ಎಂಜಿನ್‌ಗಳು ಒಂದೇ ಹೆಸರು ಹೇಳುತ್ತಿದ್ದರೆ ಆ ಫೈಲು ಮುಟ್ಟಬೇಡಿ. ಮಂಡಿಯಲ್ಲಿ ಇನ್ನೊಂದು ಅನುಕೂಲ ಆಯಿತು: ಪ್ರೋಗ್ರಾಂ ಕೊಟ್ಟಾಗಿನ ಸಿಡಿ ಬೀರುವಿನಲ್ಲಿತ್ತು. ಸಿಡಿಯ ಫೈಲು, ಡಿಸ್ಕಿನ ಫೈಲು ಎರಡರ ಹ್ಯಾಶೂ ಒಂದೇ. ಅಲ್ಲಿಗೆ ಅನುಮಾನ ಹೋಯಿತು.

ಒಂದು ಎಚ್ಚರಿಕೆ. ವೈರಸ್‌ಟೋಟಲ್‌ಗೆ ಹ್ಯಾಶ್ ಕೊಡಿ, ಫೈಲು ಅಪ್‌ಲೋಡ್ ಮಾಡಬೇಡಿ. ಅಪ್‌ಲೋಡ್ ಮಾಡಿದ್ದನ್ನು ಅವರ ಹಣ ಕಟ್ಟಿದ ಚಂದಾದಾರರು ಡೌನ್‌ಲೋಡ್ ಮಾಡಿಕೊಳ್ಳಬಹುದು. ಪಾರ್ಟಿಗಳ ಹೆಸರು, ಪ್ಯಾನ್ ನಂಬರ್ ಇರುವ ಎಕ್ಸೆಲ್ ಶೀಟು ಹಾಗೆ ಹೊರಗೆ ಹೋಗಬಾರದು.

ರಿಸ್ಟೋರ್ ಮಾಡುವಾಗ ಕ್ರಮ ಮುಖ್ಯ. ಮೊದಲು ಆ ಫೈಲಿನ ಪೂರ್ತಿ ಹಾದಿಗೆ ಎಕ್ಸ್‌ಕ್ಲೂಷನ್ (ಇದನ್ನು ಪರೀಕ್ಷಿಸಬೇಡ ಅನ್ನುವ ವಿನಾಯಿತಿ) ಹಾಕಿ, ಆಮೇಲೆ ಹಿಸ್ಟರಿಯಲ್ಲಿ ರಿಸ್ಟೋರ್ ಒತ್ತಿ. ಉಲ್ಟಾ ಮಾಡಿದರೆ ವಾಪಸ್ ಬಂದ ಫೈಲನ್ನು ಮತ್ತೆ ಹಿಡಿದು ಒಳಗೆ ಹಾಕಬಹುದು. ಫೈಲು ಜಾಸ್ತಿ ಇದ್ದರೆ ಡಿಫೆಂಡರ್‌ನ ಎಂಪಿಸಿಎಂಡಿರನ್ ಎಂಬ ಕಮಾಂಡ್ ಇದೆ. ಅದರ ರಿಸ್ಟೋರ್ ಆಯ್ಕೆಗೆ ಲಿಸ್ಟ್‌ಆಲ್ ಕೊಟ್ಟರೆ ಕ್ವಾರಂಟೈನ್‌ನಲ್ಲಿ, ಅಂದರೆ ಹಿಡಿದ ಫೈಲುಗಳನ್ನು ಕೂಡಿಡುವ ಜಾಗದಲ್ಲಿ, ಇರುವುದೆಲ್ಲ ಪಟ್ಟಿಯಾಗುತ್ತದೆ. ಕ್ವಾರಂಟೈನ್ ಫೋಲ್ಡರಿಗೆ ಕೈ ಹಾಕಿ ಫೈಲು ಎಳೆದುಕೊಳ್ಳಲು ಹೋಗಬೇಡಿ, ಅಲ್ಲಿರುವುದು ರೂಪ ಬದಲಿಸಿ ಬಚ್ಚಿಟ್ಟ ಪ್ರತಿ. ಸಿಟ್ಟಿನಲ್ಲಿ ಆಂಟಿವೈರಸ್ ಅನ್‌ಇನ್‌ಸ್ಟಾಲ್ ಮಾಡುವುದಂತೂ ಬೇಡವೇ ಬೇಡ. ಅದರ ಜೊತೆ ಕ್ವಾರಂಟೈನ್ ಕೂಡ ಹೋಗಿಬಿಡಬಹುದು. ಮಂಡಿಯ ಆಂಟಿವೈರಸ್ ಬೇರೆ ಕಂಪನಿಯದು, ಅದರಲ್ಲಿ ‘ಸರಿಪಡಿಸಲಾಗದಿದ್ದರೆ ಅಳಿಸು’ ಅಂತ ಇತ್ತು. ಕ್ವಾರಂಟೈನ್‌ನಲ್ಲಿ ಏನೂ ಸಿಗಲಿಲ್ಲ. ಕಳಚಿಟ್ಟ ಹಳೆಯ ಡಿಸ್ಕಿನಿಂದಲೇ ಫೈಲು ವಾಪಸ್ ಬಂತು. ನಿಮ್ಮಲ್ಲೂ ಆ ಸೆಟ್ಟಿಂಗ್ ನೋಡಿ, ‘ಕ್ವಾರಂಟೈನ್’ ಅಂತ ಬದಲಿಸಿ.

ಎಕ್ಸ್‌ಕ್ಲೂಷನ್ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. ಒಂದು ಫೈಲು, ಹೆಚ್ಚೆಂದರೆ ಒಂದು ಫೋಲ್ಡರ್. ಡಿ ಡ್ರೈವ್ ಪೂರ್ತಿ ಬಿಟ್ಟುಬಿಡಿ ಅನ್ನುವ ಸಲಹೆ ಅಲ್ಲಲ್ಲಿ ಕೇಳುತ್ತೀರಿ, ನಾನು ಒಪ್ಪುವುದಿಲ್ಲ. ರೋಬೋಕಾಪಿಯನ್ನೇ ಪ್ರೋಸೆಸ್ ಎಕ್ಸ್‌ಕ್ಲೂಷನ್ (ಅದು ತೆರೆಯುವ ಫೈಲುಗಳನ್ನು ಪರೀಕ್ಷಿಸಬೇಡ ಅನ್ನುವುದು) ಮಾಡುವುದೂ ನನಗೆ ಇಷ್ಟವಿಲ್ಲ. ಅದು ಎಲ್ಲ ವಿಂಡೋಸ್‌ನಲ್ಲೂ ಇರುವ ಟೂಲು, ಒಳಗೆ ನುಗ್ಗಿದವರೂ ಅದನ್ನೇ ಬಳಸಬಹುದು. ಆಂಟಿವೈರಸ್ ಕಂಪನಿಗೆ ತಪ್ಪಾಗಿ ಹಿಡಿದಿದ್ದೀರಿ ಅಂತ ಫೈಲು ಕಳಿಸಿ, ಡೇಟಾ ಇಲ್ಲದ ಪ್ರೋಗ್ರಾಂ ಫೈಲು ಮಾತ್ರ. ಮೈಕ್ರೋಸಾಫ್ಟ್‌ಗೂ ಇದಕ್ಕೆ ಪ್ರತ್ಯೇಕ ಪುಟ ಇದೆ. ಸರಿಪಡಿಸಿದ ಮೇಲೆ ಎಕ್ಸ್‌ಕ್ಲೂಷನ್ ತೆಗೆಯಿರಿ.

ಇಂಥ ತಪ್ಪು ದೊಡ್ಡವರಿಗೂ ಆಗಿದೆ. 2010ರ ಏಪ್ರಿಲ್ 21ರಂದು ಮೆಕಾಫಿ ಆಂಟಿವೈರಸ್‌ನ 5958 ನಂಬರಿನ ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಎಂಬ ಮುಖ್ಯ ಸಿಸ್ಟಂ ಫೈಲನ್ನೇ ವೈರಸ್ ಅಂದಿತು, ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆದವು. 2023ರ ಜನವರಿ 13ರಂದು ಡಿಫೆಂಡರ್‌ನ ಒಂದು ನಿಯಮ ಆಫೀಸುಗಳ ಕಂಪ್ಯೂಟರುಗಳಲ್ಲಿ ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನು ಅಳಿಸಿತು. ತಿದ್ದಿದ ಅಪ್‌ಡೇಟ್ ಬಂದರೂ ಅಳಿದವು ತಾವಾಗಿ ವಾಪಸ್ ಬರಲಿಲ್ಲ. ಅವನ್ನು ಮತ್ತೆ ಮಾಡಲು ಮೈಕ್ರೋಸಾಫ್ಟ್ ಬೇರೆ ಸ್ಕ್ರಿಪ್ಟ್ ಕೊಡಬೇಕಾಯಿತು.

ಇನ್ನು ಬ್ಯಾಕಪ್ ಬ್ಯಾಚ್ ಫೈಲನ್ನು ತಿದ್ದಿ. ಸ್ಲ್ಯಾಶ್ ಎಂಐಆರ್ ತೆಗೆದು ಸ್ಲ್ಯಾಶ್ ಇ ಹಾಕಿ. ಆಗ ಅದು ಕಾಪಿ ಮಾಡುತ್ತದೆ, ಅಳಿಸುವುದಿಲ್ಲ. ಡಿಸ್ಕ್ ಸ್ವಲ್ಪ ಬೇಗ ತುಂಬುತ್ತದೆ, ತುಂಬಲಿ. ರೋಬೋಕಾಪಿ ಮುಗಿದಾಗ ಕೊಡುವ ಎಕ್ಸಿಟ್ ಕೋಡ್ (ಫಲಿತಾಂಶ ಹೇಳುವ ಸಂಖ್ಯೆ) 8 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಯಾವುದೋ ಫೈಲು ಕಾಪಿ ಆಗಿಲ್ಲ ಅಂತ ಅರ್ಥ. ಆಗ ಪರದೆ ಮೇಲೆ ಸಂದೇಶ ಬಂದು ನಿಲ್ಲುವ ಹಾಗೆ ಮಾಡಿ. ಸಾಧ್ಯವಿದ್ದರೆ ಹಳೆಯ ಆವೃತ್ತಿಗಳನ್ನು ಉಳಿಸುವ ಡುಪ್ಲಿಕಾಟಿ, ರೆಸ್ಟಿಕ್‌ನಂಥ ಉಚಿತ ಸಾಫ್ಟ್‌ವೇರಿಗೆ ಹೋಗಿ.

ನಿಲ್ಲಿಸಿದ್ದ ಬ್ಯಾಕಪ್ ಮತ್ತೆ ಶುರು ಮಾಡುವ ಮುಂಚೆ ರೋಬೋಕಾಪಿಯನ್ನು ಒಂದು ಸಲ ಸ್ಲ್ಯಾಶ್ ಎಂಐಆರ್ ಜೊತೆ ಸ್ಲ್ಯಾಶ್ ಎಲ್ ಕೊಟ್ಟು ಓಡಿಸಿ. ಎಲ್ ಕೊಟ್ಟರೆ ಅದು ಏನನ್ನೂ ಮುಟ್ಟುವುದಿಲ್ಲ, ಬರೀ ಪಟ್ಟಿ ತೋರಿಸುತ್ತದೆ. ಎಲ್ ಬಿಟ್ಟುಹೋಗಿಲ್ಲ ಅಂತ ಎರಡು ಸಲ ನೋಡಿ ಎಂಟರ್ ಒತ್ತಿ. ಪಟ್ಟಿಯಲ್ಲಿ ಎಕ್ಸ್‌ಟ್ರಾ ಫೈಲ್ ಅಂತ ಬರುವ ಒಂದೊಂದು ಸಾಲೂ ಕಾಪಿಯಲ್ಲಿದ್ದು ಮೂಲದಲ್ಲಿ ಇಲ್ಲದ ಫೈಲು. ಅದರಲ್ಲಿ ನೀವೇ ಅಳಿಸಿದವು ಯಾವುವು, ನಿಮಗೆ ಗೊತ್ತಿಲ್ಲದೆ ಹೋದವು ಯಾವುವು ಅಂತ ಆಫೀಸಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಹೋದವನ್ನು ವಾಪಸ್ ತಂದ ಮೇಲೆ ಶೆಡ್ಯೂಲರ್‌ನಲ್ಲಿ ಎನೇಬಲ್ ಒತ್ತಿ.