ಜನವರಿಯ ಬೋನ್ಸಾಯ್ ಪ್ರದರ್ಶನಕ್ಕೆ ದಸರೆಯಿಂದಲೇ ತಯಾರಿ

ಚಿಕ್ಕಮಗಳೂರಲ್ಲಿ ಡಿಸೆಂಬರ್ ಬಂತೆಂದರೆ ತೋಟದಲ್ಲಿ ಕಾಫಿ ಕೊಯ್ಲು, ಬೋನ್ಸಾಯ್ ಕ್ಲಬ್ಬಿನಲ್ಲಿ ಪ್ರದರ್ಶನದ ಗಡಿಬಿಡಿ. ಇನ್ನು ಹದಿನೈದೇ ದಿನ ಅನ್ನುವಾಗ ಕತ್ತರಿ, ರೆಂಬೆ ಬಗ್ಗಿಸಿ ಆಕಾರ ಕೊಡುವ ತಂತಿ ಹಿಡಿದು ಕೂರುವವರೇ ಜಾಸ್ತಿ. ಆದರೆ ಆ ಹೊತ್ತಿಗೆ ಗಿಡಕ್ಕೆ ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಹಾಸನ ಸ್ವಲ್ಪ ಕೆಳಗೆ. ಚಳಿಗಾಲದ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೆ ಫೈಕಸ್ (ಆಲ, ಅತ್ತಿಯ ಜಾತಿಯ ಮರ), ಹುಣಸೆ, ಜೇಡ್ ಎಲ್ಲವೂ ಮಂಕಾಗುತ್ತವೆ, ಚಿಗುರುವುದು ಬಹುತೇಕ ನಿಲ್ಲುತ್ತದೆ. ಮಂಗಳೂರಿನ ಸೆಖೆಯಲ್ಲಿ ಬೇಗ ಮಾಯುವ ಕತ್ತರಿ ಗಾಯ ಇಲ್ಲಿ ಪ್ರದರ್ಶನದ ದಿನವೂ ಎದ್ದು ಕಾಣುತ್ತದೆ. ಹಾಗಾಗಿ ಯೂಟ್ಯೂಬ್ ನೋಡಿ ತಾರೀಖು ಗುರುತು ಹಾಕಿಕೊಳ್ಳಬೇಡಿ.

ಗಿಡದ ಆಯ್ಕೆ

ಮೊದಲ ಕೆಲಸ ಯಾವುದನ್ನು ಒಯ್ಯುವುದು ಎಂದು ದಸರೆ ಹೊತ್ತಿಗೇ ತೀರ್ಮಾನಿಸುವುದು. ಅಡೇನಿಯಂ ಚಳಿಗೆ ಎಲೆ ಉದುರಿಸುತ್ತದೆ, ಅದು ಮನೆಯಲ್ಲೇ ಇರಲಿ. ಫೈಕಸ್ ಬೆಂಜಮಿನಾಗೆ ಜಾಗ ಬದಲಾದರೆ ಸಾಕು, ಎಲೆ ಚೆಲ್ಲಿ ಕೂರುತ್ತದೆ. ಬೋಗನ್‌ವಿಲ್ಲಾ ಧೈರ್ಯವಾಗಿ ಒಯ್ಯಬಹುದು. ಹಗಲು ಚಿಕ್ಕದಾದಾಗ ಅದು ಹೂ ಬಿಡುವುದು ಜಾಸ್ತಿ. ನವೆಂಬರ್ ನಂತರ ಕತ್ತರಿ ಹಾಕದೆ, ನೀರು ಸ್ವಲ್ಪ ಬಿಗಿ ಹಿಡಿದರೆ ಸರಿ.

ಕಾಫಿ ನಾಡಲ್ಲಿ ಇದ್ದು ಕಾಫಿ ಗಿಡದ ಬೋನ್ಸಾಯ್ ಮಾಡಬಾರದೇ ಎಂದು ಪ್ರತಿ ಕ್ಲಬ್ಬಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಮಾಡಬಹುದು. ಆದರೆ ಗಿಡ ಎಷ್ಟೇ ಗಿಡ್ಡವಾದರೂ ಹಣ್ಣು ತೋಟದ ಗಾತ್ರದ್ದೇ. ಎಲೆಯೂ ಅಷ್ಟು ಸುಲಭಕ್ಕೆ ಕಿರಿದಾಗುವುದಿಲ್ಲ. ನೋಡುವವರಿಗೆ ಖುಷಿ, ತೀರ್ಪುಗಾರರಿಗೆ ಅಷ್ಟಕ್ಕಷ್ಟೆ.

ಎಲೆ, ತಂತಿ

ಫೈಕಸ್‌ನ ಎಲೆ ತೆಗೆದು ಸಣ್ಣ ಹೊಸ ಎಲೆ ಬರಿಸುವುದಿದ್ದರೆ ಅಕ್ಟೋಬರ್ ಶುರುವಲ್ಲೇ ಮುಗಿಸಿ. ಗಟ್ಟಿಮುಟ್ಟಾದ ಗಿಡಕ್ಕೆ ಮಾತ್ರ. ಎಲೆಯ ತೊಟ್ಟು ಉಳಿಸಿ ಕತ್ತರಿಸಿ, ಒಸರುವ ಹಾಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲು ಚೆನ್ನಾಗಿ ಬೀಳುವ ಕಡೆ ಇಡಿ. ದೀಪಾವಳಿ ಕಳೆದ ಮೇಲೆ ಈ ಕೆಲಸಕ್ಕೆ ಕೈ ಹಾಕಿದರೆ ಬೋಳು ರೆಂಬೆಗಳನ್ನೇ ಪ್ರದರ್ಶಿಸಬೇಕಾಗುತ್ತದೆ.

ಮಳೆಗಾಲದಲ್ಲಿ ಸುತ್ತಿದ ಅಲ್ಯೂಮಿನಿಯಂ ತಂತಿಗಳನ್ನು ಈಗಲೇ ಒಂದೊಂದಾಗಿ ನೋಡಿ. ಮಗು ಬೆಳೆದಂತೆ ಉಡಿದಾರ ಬಿಗಿಯಾಗುವ ಹಾಗೆ, ರೆಂಬೆ ದಪ್ಪಗಾದಾಗ ತಂತಿ ತೊಗಟೆಗೆ ಇಳಿಯುತ್ತದೆ. ತಂತಿಯ ಎರಡೂ ಬದಿಗೆ ತೊಗಟೆ ಉಬ್ಬಿದ್ದರೆ ತಡ ಮಾಡಬೇಡಿ. ಬಿಚ್ಚಲು ಹೋಗಬೇಡಿ, ರೆಂಬೆ ಮುರಿಯುತ್ತದೆ. ಪ್ರತಿ ಸುತ್ತಿಗೂ ಕಟರ್ ಹಾಕಿ ತುಂಡು ತುಂಡಾಗಿ ಉದುರಿಸಿ. ಹೊಸದಾಗಿ ಸುತ್ತುವುದಿದ್ದರೆ ರೆಂಬೆಯ ದಪ್ಪದ ಸುಮಾರು ಮೂರನೇ ಒಂದು ಭಾಗದಷ್ಟು ದಪ್ಪದ ತಂತಿ ಸಾಕು. 45 ಡಿಗ್ರಿ ಓರೆಯಲ್ಲಿ, ಒಂದರ ಮೇಲೊಂದು ಹಾಯದಂತೆ ಸುತ್ತಿ.

ನೀರು, ಗೊಬ್ಬರ, ಹುಳ

ಚಳಿಯಲ್ಲಿ ಗಿಡ ಕುಡಿಯುವ ನೀರು ಕಡಿಮೆ. ಬೆಳಗ್ಗೆ ಇಬ್ಬನಿಗೆ ಮೇಲ್ಮಣ್ಣು ಒದ್ದೆ ಕಾಣುತ್ತದೆ, ಮಧ್ಯಾಹ್ನದ ಒಣಗಾಳಿಗೆ ಅದೇ ಮಣ್ಣು ಬೂದಿ ಬಣ್ಣಕ್ಕೆ ತಿರುಗುತ್ತದೆ. ಎರಡನ್ನೂ ನಂಬಬೇಡಿ. ಉರಿದು ಉಳಿದ ಊದುಬತ್ತಿ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿ ತೇವವಾಗಿದ್ದರೆ ಆ ದಿನ ನೀರು ಬೇಡ. ಹಾಕುವುದಿದ್ದರೆ ಬಿಸಿಲು ಏರಿದ ಮೇಲೆ ಹಾಕಿ, ಸಂಜೆ ಬೇಡ. ಹಿಂಡಿ ಗೊಬ್ಬರವನ್ನು ಪ್ರದರ್ಶನಕ್ಕೆ ಒಂದು ತಿಂಗಳಿರುವಾಗಲೇ ನಿಲ್ಲಿಸಿ. ಇಲ್ಲದಿದ್ದರೆ ಮುಚ್ಚಿದ ಸಭಾಂಗಣದಲ್ಲಿ ವಾಸನೆ ಸುಮ್ನೆ ಬಿಡುವುದಿಲ್ಲ. ಹಿಟ್ಟು ತಿಗಣೆ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪು ನೀರು ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಕೊನೆಯ ವಾರದಲ್ಲಿ ಬೇಡ, ಎಲೆ ಮೇಲೆ ಕಲೆ ಉಳಿಯುತ್ತದೆ.

ಹಾವಸೆ ಹೊದಿಸುವುದು

ಈ ಒಂದು ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು. ಕುಂಡದ ಮಣ್ಣಿನ ಮೇಲೆ ಹೊದಿಸುವ ಹಾವಸೆಯನ್ನು (ಮಾಸ್) ಬೇರೆ ಊರಿನವರು ದುಡ್ಡು ಕೊಟ್ಟು ತರುತ್ತಾರೆ, ನಮ್ಮ ಕಾಂಪೌಂಡ್ ಗೋಡೆ ಮೇಲೆ ಅದು ಬಿಟ್ಟಿ ಸಿಗುತ್ತದೆ. ಆದರೆ ಕಾಡಿನ ನೆರಳಲ್ಲಿ ಬೆಳೆದ ಉದ್ದ ಎಳೆಯ ಹಾವಸೆ ಬೋನ್ಸಾಯ್ ತಟ್ಟೆಯಲ್ಲಿ ಬದುಕುವುದಿಲ್ಲ, ಮರದ ಅಳತೆಗೂ ಹೊಂದುವುದಿಲ್ಲ. ಬಿಸಿಲು ಬೀಳುವ ಗೋಡೆ, ಕಲ್ಲಿನ ಮೆಟ್ಟಿಲು, ಹಳೇ ಹೆಂಚಿನ ಮೇಲಿನ ಗಿಡ್ಡ, ಮಖಮಲ್ಲಿನಂಥದ್ದೇ ಬೇಕು. ಡಿಸೆಂಬರಿನಲ್ಲಿ ಅದು ಒಣಗಿ ಕಂದಾಗಿರುತ್ತದೆ, ಸತ್ತಿದೆ ಅಂದುಕೊಳ್ಳಬೇಡಿ. ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತಿನಲ್ಲೇ ಹಸಿರಾಗುತ್ತದೆ.

ಚಪ್ಪಟೆ ಚಾಕುವಿನಿಂದ ತೆಳ್ಳಗೆ ಎಬ್ಬಿಸಿ, ಅಡಿಯ ಮಣ್ಣು ಉಜ್ಜಿ ತೆಗೆಯಿರಿ. ಕುಂಡದ ಮೇಲ್ಮಣ್ಣಿನ ಕಸ ತೆಗೆದು, ಒದ್ದೆ ಮಾಡಿ, ತುಂಡುಗಳನ್ನು ಅಂಗೈಯಿಂದ ಒತ್ತಿ ಕೂರಿಸಿ. ಬೇರು ಹೊರಗೆ ಚಾಚಿಕೊಂಡಿರುವ ಬುಡ ಮಾತ್ರ ಮುಚ್ಚಬೇಡಿ. ಮರಕ್ಕೆ ವಯಸ್ಸಾದ ಹಾಗೆ ಕಾಣುವುದೇ ಆ ಬೇರಿನಿಂದ ಅಲ್ವಾ? ಪ್ರದರ್ಶನಕ್ಕೆ ಒಂದು ವಾರ ಇರುವಾಗ ಈ ಕೆಲಸ ಮಾಡಿದರೆ ಸಂದುಗಳು ಕೂಡಿಕೊಳ್ಳುತ್ತವೆ. ಹಿಂದಿನ ರಾತ್ರಿ ಅಂಟಿಸಿದ್ದು ತೇಪೆ ಹಾಕಿದ್ದು ಅಂತ ದೂರದಿಂದಲೇ ಗೊತ್ತಾಗುತ್ತದೆ.

ಒಯ್ಯುವ ದಿನ

ಬೋರ್‌ವೆಲ್ ನೀರಿನಿಂದ ಕುಂಡದ ಅಂಚಿಗೆ ಕೂತ ಬಿಳಿ ಕಲೆಗೆ ವಿನೆಗರ್, ನೀರು ಸಮ ಕಲಸಿ ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿ, ಮಣ್ಣಿಗೆ ತಾಗದಿರಲಿ. ಒಣಗಿದ ಮೇಲೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿ ಒರೆಸಿದರೆ ಕುಂಡಕ್ಕೆ ಕಳೆ ಬರುತ್ತದೆ. ಎಲೆಗೆ ಎಣ್ಣೆ ಬೇಡ, ಒದ್ದೆ ಬಟ್ಟೆ ಸಾಕು.

ಮೂಡಿಗೆರೆ, ಸಕಲೇಶಪುರ ಕಡೆಯಿಂದ ಬರುವವರಿಗೆ ತಿರುವುಗಳದ್ದೇ ಕಾಟ. ಅಗಲದ ಕ್ರೇಟಿನಲ್ಲಿ ಕುಂಡ ಇಟ್ಟು ಸುತ್ತ ಹಳೇ ಟವೆಲ್ ತುರುಕಿ. ಹಿಂದಿನ ದಿನ ನೀರು ಹಾಕಿದ್ದರೆ ಸಾಕು.

ಹುಣಸೆ ಒಯ್ದವರು ಕಿಟಕಿ ಪಕ್ಕದ ಜಾಗ ಕೇಳಿ ಪಡೆಯಿರಿ. ಬೆಳಕು ಕಡಿಮೆಯಾದರೆ ಅದು ಎಲೆ ಮಡಿಚಿಕೊಳ್ಳುತ್ತದೆ. ತೀರ್ಪುಗಾರರು ಸಂಜೆ ಬಂದರೆ ಅವರಿಗೆ ಕಾಣುವುದು ಬಾಡಿದಂಥ ಮರ. ಚೀಟಿಯಲ್ಲಿ ಮರದ ಹೆಸರು, ವಯಸ್ಸು ಬರೆಯುವಾಗ ಗೊತ್ತಿದ್ದಷ್ಟೇ ಬರೆಯಿರಿ. ನರ್ಸರಿಯಿಂದ ತಂದ ಫೈಕಸ್‌ಗೆ ಅಜ್ಜನ ಕಾಲದ ಲೆಕ್ಕ ಹಾಕಿದರೆ ಕ್ಲಬ್ಬಿನವರೇ ಮೊದಲು ನಗುವುದು.

ಪ್ರದರ್ಶನ ಮುಗಿಸಿ ಬಂದ ಗಿಡವನ್ನು ನಾಲ್ಕೈದು ದಿನ ಅರೆನೆರಳಲ್ಲಿಡಿ. ಹಾವಸೆಯನ್ನು ಅಲ್ಲಲ್ಲಿ ಎತ್ತಿ ತೆಗೆಯಿರಿ. ಅದು ಮೇಲಿದ್ದರೆ ಮಣ್ಣಿನ ತೇವ ಗೊತ್ತಾಗುವುದೇ ಇಲ್ಲ. ಫೆಬ್ರವರಿ ಕೊನೆಗೆ ಚಿಗುರು ಕಂಡಾಗ ಗೊಬ್ಬರ ಶುರು ಮಾಡಿ. ಕುಂಡ ಬದಲಿಸುವುದು, ಬೇರು ಕತ್ತರಿಸುವುದೆಲ್ಲ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ.