ಮೇ–ಜೂನ್‌ನಲ್ಲಿ ಯೊಸೆಮಿಟಿಯ ವರ್ನಲ್ ಜಲಪಾತ: ಎಷ್ಟು ಹೊತ್ತಿಗೆ, ಯಾವ ದಾರಿ

ಜೋಗ ನೋಡಬೇಕೆಂದರೆ ಮಳೆಗಾಲಕ್ಕೆ ಕಾಯುತ್ತೇವೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ (ಪಾರ್ಕ್) ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿನ ಜಲಪಾತಗಳಿಗೆ ಸಿಯೆರಾ ನೆವಾಡಾ ಪರ್ವತಗಳ ಹಿಮವೇ ನೀರು. ಅದು ಕರಗುವ ಮೇ, ಜೂನ್‌ನಲ್ಲೇ ಭೋರ್ಗರೆತ. 2,425 ಅಡಿಯ ಯೊಸೆಮಿಟಿ ಜಲಪಾತ ಎಷ್ಟೋ ವರ್ಷ ಆಗಸ್ಟ್ ಹೊತ್ತಿಗೆ ಒಣಗಿರುತ್ತದೆ. ಅಮೆರಿಕದಲ್ಲಿರುವ ನಮ್ಮವರ ಅಪ್ಪ ಅಮ್ಮ ಊರಿಂದ ಬರುವುದೂ ಮಕ್ಕಳಿಗೆ ರಜೆ ಸಿಗುವುದೂ ಇದೇ ಸಮಯಕ್ಕಾದ್ದರಿಂದ ಜನಜಂಗುಳಿ ತಪ್ಪಿದ್ದಲ್ಲ. ಹೊತ್ತು ನೋಡಿಕೊಂಡು ಹೋಗಬಹುದು, ಅಷ್ಟೆ.

ಹೊರಡುವ ಮುನ್ನ ಪಾರ್ಕ್‌ನ ವೆಬ್‌ಸೈಟ್ ನೋಡಲೇಬೇಕು. ಒಳಗೆ ಬರಲು 2024, 2025ರಲ್ಲಿ ಕೆಲವು ದಿನಗಳಿಗೆ ಮುಂಗಡ ಬುಕಿಂಗ್ ಕಡ್ಡಾಯವಿತ್ತು, 2023ರಲ್ಲಿ ಇರಲಿಲ್ಲ. ಹಳೆಯ ಅನುಭವ ನಂಬಬೇಡಿ. ಕಾರಿಗೆ ಪ್ರವೇಶ ಶುಲ್ಕ 35 ಡಾಲರ್, ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕು. 2026ರಿಂದ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ತುಂಬಿದವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ವಿಸಿಟರ್ ವೀಸಾದಲ್ಲಿ ಬಂದ ತಂದೆತಾಯಿಯನ್ನು ಕರೆದೊಯ್ಯುವವರು ಪಾಸ್‌ನ ನಿಯಮ ಓದಿಕೊಂಡೇ ಹೊರಡಿ, ಗೇಟಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ವಾರಾಂತ್ಯದಲ್ಲಿ ಯೊಸೆಮಿಟಿ ಕಣಿವೆಯ ಪಾರ್ಕಿಂಗ್ ಬೆಳಗ್ಗೆ 9ಕ್ಕೂ ಮೊದಲೇ ತುಂಬುವುದುಂಟು. 7ರೊಳಗೆ ಕರಿ ವಿಲೇಜ್‌ನಲ್ಲಿ ಕಾರು ನಿಲ್ಲಿಸುವ ಹಾಗೆ ನೋಡಿಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ನಾಲ್ಕು ಗಂಟೆಯ ದಾರಿ. ನಸುಕಿನ 3ಕ್ಕೆ ಏಳುವುದಕ್ಕಿಂತ ಹಿಂದಿನ ರಾತ್ರಿ ಮಾರಿಪೋಸಾದಲ್ಲೋ ಎಲ್ ಪೋರ್ಟಲ್‌ನಲ್ಲೋ ಉಳಿಯುವುದು ವಾಸಿ. ಒಮ್ಮೆ ಜಾಗ ಸಿಕ್ಕಿತೆಂದರೆ ಸಂಜೆಯವರೆಗೆ ಕಾರು ಅಲ್ಲೇ ಇರಲಿ. ಕಣಿವೆಯೊಳಗೆ ಓಡಾಡಲು ಉಚಿತ ಶಟಲ್ ಬಸ್ ಇದೆ. ಫೋನ್ ಸಿಗ್ನಲ್ ನಂಬುವಂತಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ವರ್ನಲ್ ಜಲಪಾತದ ಎತ್ತರ 317 ಅಡಿ. ಅಲ್ಲಿಗೆ ಹೋಗುವ ಕಾಲುದಾರಿ ಮಿಸ್ಟ್ ಟ್ರೇಲ್ 16ನೇ ನಂಬರಿನ ಶಟಲ್ ನಿಲ್ದಾಣವಾದ ಹ್ಯಾಪಿ ಐಲ್ಸ್‌ನಿಂದ ಶುರು. ಮೊದಲ 0.8 ಮೈಲಿ ಟಾರು ಹಾಕಿದ ಏರುದಾರಿ, ಸುಮಾರು 400 ಅಡಿ ಏರಿಸಿ ಮರ್ಸೆಡ್ ನದಿಯ ಸೇತುವೆಗೆ ತರುತ್ತದೆ. ಜಲಪಾತ ಇಲ್ಲಿಂದಲೇ ಕಾಣುತ್ತದೆ. ಶೌಚಾಲಯವಿದೆ, ಬೇಸಿಗೆಯಲ್ಲಿ ಕುಡಿಯುವ ನೀರಿನ ನಲ್ಲಿಯೂ ಇದೆ. ಮುಂದೆ ನಲ್ಲಿ ಇಲ್ಲ. ಇಲ್ಲಿ ತಲುಪುವಷ್ಟರಲ್ಲೇ ಏದುಸಿರು ಬಂದವರು ಇಲ್ಲಿಂದಲೇ ನೋಡಿ ವಾಪಸಾಗಲಿ, ಏಕೆಂದರೆ ನಿಜವಾದ ಏರು ಬರುವುದು ಇನ್ನು ಮೇಲೆ.

ಸೇತುವೆ ದಾಟಿ ಸ್ವಲ್ಪ ದೂರಕ್ಕೆ ದಾರಿ ಕವಲಾಗುತ್ತದೆ. ಎಡಕ್ಕೆ ನದಿ ಹಿಡಿದು ಹೋದರೆ 600ಕ್ಕೂ ಹೆಚ್ಚು ಗ್ರಾನೈಟ್ ಮೆಟ್ಟಿಲು. ಒಂದು ಗೇಣೆತ್ತರದ್ದು, ಪಕ್ಕದ್ದು ಮೊಣಕಾಲೆತ್ತರದ್ದು, ಎಲ್ಲವೂ ಒದ್ದೆ. ಗಾಳಿ ಈ ಕಡೆ ತಿರುಗಿದಾಗ ತುಂತುರಲ್ಲ, ಜಡಿಮಳೆಯೇ. ಹಿಮ ಕರಗಿದ ನೀರು, ಮೈ ನಡುಗುತ್ತದೆ. ಜೀನ್ಸ್, ಹತ್ತಿ ಬಟ್ಟೆ ನೆನೆದರೆ ಭಾರವಾಗಿ ಆರುವುದೇ ಇಲ್ಲ. ಬೇಗ ಒಣಗುವ ಪ್ಯಾಂಟು, ಮೇಲೊಂದು ರೇನ್‌ಕೋಟು ಸಾಕು. ಛತ್ರಿಗೆ ಇಲ್ಲಿ ಜಾಗವಿಲ್ಲ. ಸವೆದ ಅಡಿಯ ವಾಕಿಂಗ್ ಶೂ, ಚಪ್ಪಲಿ ಎರಡೂ ಬೇಡ. ಫೋನಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ಕುಡಿಯುವ ನೀರು.

ತುದಿಗೆ ಹೋಗಿಬರಲು 2.4 ಮೈಲಿ, 1,000 ಅಡಿ ಏರು, ಮೂರು ಗಂಟೆ. 10 ಗಂಟೆ ದಾಟಿದ ಮೇಲೆ ಕಿರಿದಾದ ಮೆಟ್ಟಿಲಲ್ಲಿ ಹತ್ತುವವರೂ ಇಳಿಯುವವರೂ ಎದುರಾಗಿ ಸಾಲು ನಿಂತುಬಿಡುತ್ತದೆ. ಜಾರುವುದು ಹೆಚ್ಚಾಗಿ ಇಳಿಯುವಾಗ: ಮಂಡಿ ದಣಿದಿರುತ್ತದೆ, ಎದುರಿನವರಿಗೆ ದಾರಿ ಬಿಡಲು ಅಂಚಿಗೆ ಸರಿಯಬೇಕಾಗುತ್ತದೆ. ಅದಕ್ಕೇ ಬಂದ ದಾರಿಯಲ್ಲಿ ಇಳಿಯದೆ ಕ್ಲಾರ್ಕ್ ಪಾಯಿಂಟ್‌ಗೆ ಏರಿ ಜಾನ್ ಮ್ಯೂರ್ ಟ್ರೇಲ್‌ನಲ್ಲಿ ಇಳಿಯಿರಿ. ಮೈಲಿಗಿಂತ ಹೆಚ್ಚು ಸುತ್ತು, ಮೊದಲು ಇನ್ನಷ್ಟು ಹತ್ತಬೇಕು. ಆದರೆ ಬಹುಮಟ್ಟಿಗೆ ಒಣ ದಾರಿ, ಜೊತೆಗೆ 594 ಅಡಿಯ ನೆವಾಡಾ ಜಲಪಾತದ ನೋಟವೂ ಸಿಗುತ್ತದೆ.

ವರ್ನಲ್ ಜಲಪಾತದ ಮೇಲಿರುವ ಎಮರಾಲ್ಡ್ ಪೂಲ್ ಕೊಳದಂತೆ ಶಾಂತವಾಗಿ ಕಾಣುತ್ತದೆ. ಅಲ್ಲಿ ಇಳಿಯುವುದು ನಿಷಿದ್ಧ. ನೀರು ನುಣುಪಾಗಿಸಿದ ಬಂಡೆ ಒಣಗಿದ್ದಾಗಲೂ ಜಾರುತ್ತದೆ, ಕೆಳಗಿನ ಸೆಳೆತ ಮೇಲೆ ಕಾಣುವುದಿಲ್ಲ. 2011ರ ಜುಲೈಯಲ್ಲಿ ಜಲಪಾತದ ತುದಿಯಲ್ಲಿ ಕಂಬಿ ದಾಟಿದ ಮೂವರು ಕೊಚ್ಚಿಹೋದರು. ಮಕ್ಕಳ ಕೈ ಬಿಡಬೇಡಿ, ಫೋಟೊಗೆಂದು ಕಂಬಿಯಾಚೆ ಕಾಲಿಡಬೇಡಿ.

ಮಂಡಿನೋವಿನ ಹಿರಿಯರಿಗೆ ಲೋವರ್ ಯೊಸೆಮಿಟಿ ಫಾಲ್ ಸರಿಯಾದ ಆಯ್ಕೆ. ಒಂದು ಮೈಲಿಯ ಸುತ್ತು, ಹೆಚ್ಚುಕಡಿಮೆ ಸಮತಟ್ಟು; ಮೇ ತಿಂಗಳಲ್ಲಿ ಸೇತುವೆಯ ಮೇಲೆ ನಿಂತರೆ ಇಲ್ಲಿಯೂ ಮುಖ ಒದ್ದೆ.

ಬುತ್ತಿಯ ವಿಷಯದಲ್ಲಿ ಕರಡಿಯ ಭಯ ತಮಾಷೆಯಲ್ಲ. ಟ್ರೇಲ್ ಬುಡದ ಪಾರ್ಕಿಂಗ್‌ನಲ್ಲಿ ಪುಳಿಯೋಗರೆ ಡಬ್ಬಿಯಿಂದ ಟೂತ್‌ಪೇಸ್ಟ್‌ವರೆಗೆ ವಾಸನೆ ಬರುವುದೆಲ್ಲ ಲೋಹದ ಲಾಕರ್‌ಗೆ ಹೋಗಲಿ. ಕತ್ತಲಾದ ಮೇಲಂತೂ ಕಾರಿನಲ್ಲಿ ತಿಂಡಿ ಬಿಡುವಂತೆಯೇ ಇಲ್ಲ. ಮೆಟ್ಟಿಲ ಬಳಿ ಅಳಿಲುಗಳು ಚೀಲಕ್ಕೇ ಕೈಹಾಕುತ್ತವೆ, ತಿನ್ನಿಸಬೇಡಿ.

ಮಧ್ಯಾಹ್ನ 3ರಿಂದ 6ರವರೆಗೆ ಹೊರಹೋಗುವ ರಸ್ತೆ ಆಮೆನಡಿಗೆ. ಅದಕ್ಕೆ ಮುಂಚೆ ಹೊರಡಿ, ಇಲ್ಲವೇ ಉಂಡು 7ರ ಮೇಲೆ. ಕಣಿವೆಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಬರುವಾಗಲೇ ಟ್ಯಾಂಕ್ ತುಂಬಿಸಿರಬೇಕು.