ತಡವಾಗಿ ನಡೆಯುವ ಮಗುವಿಗೆ ಹೆಜ್ಜೆ ಕಲಿಸುವುದು

ಹೆಚ್ಚಿನ ಮಕ್ಕಳು 9ರಿಂದ 18 ತಿಂಗಳೊಳಗೆ ಆಸರೆಯಿಲ್ಲದೆ ನಡೆಯುವುದರಿಂದ, ಪಕ್ಕದ ಮನೆಯ ಕೂಸು ವರ್ಷ ತುಂಬುವ ಮೊದಲೇ ಓಡಾಡಿತೆಂದು ಗಾಬರಿಪಡಬೇಕಾಗಿಲ್ಲ. ಬೆಂಗಳೂರಿನ ಫ್ಲ್ಯಾಟುಗಳ ನುಣುಪು ಟೈಲ್ಸ್ ಮೇಲೆ ಕಾಲುಚೀಲ ತೊಟ್ಟ ಮಗು ಸುಲಭವಾಗಿ ಜಾರುತ್ತದೆ; ಬರಿಗಾಲಲ್ಲಿ ಬಿಡಿ, ಬೆಳಗಿನ ಹೊತ್ತು ಬಡಾವಣೆಯ ಪಾರ್ಕಿನ ಹುಲ್ಲಿನ ಮೇಲೆ ನಿಲ್ಲಿಸಿ.

ಮಗು ದಿವಾನ ಹಿಡಿದು ಪಕ್ಕಕ್ಕೆ ಹೆಜ್ಜೆಯಿಡತೊಡಗಿದಾಗ, ಕೈಗೆಟುಕುವ ದೂರದಲ್ಲಿ ಗಟ್ಟಿಯಾದ ಸ್ಟೂಲೊಂದನ್ನಿಟ್ಟು, ಅದರ ಮೇಲೆ ಇಷ್ಟದ ಆಟಿಕೆಯನ್ನಿರಿಸಿ, ಅಂತರವನ್ನು ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗಿ. ಎರಡೂ ಕೈಗಳನ್ನು ಮೇಲೆತ್ತಿ ನಡೆಸುವುದಕ್ಕಿಂತ ಸೊಂಟವನ್ನು ಹಗುರವಾಗಿ ಹಿಡಿಯುವುದು ಮೇಲು. ಆಗ ಸಮತೋಲನದ ಕೆಲಸವನ್ನು ಮಗುವೇ ಮಾಡುತ್ತದೆ. ಕೂರಿಸುವ ಚಕ್ರದ ವಾಕರ್ (ನೆಂಟರ ಅಚ್ಚುಮೆಚ್ಚಿನ ಉಡುಗೊರೆ!) ನಡಿಗೆಯನ್ನು ಬೇಗ ಕಲಿಸುವುದಿಲ್ಲ, ಮೆಟ್ಟಿಲಿನಿಂದ ಉರುಳುವ ಅಪಾಯವನ್ನಷ್ಟೇ ತರುತ್ತದೆ.

18 ತಿಂಗಳಾದರೂ ನಡೆಯದಿದ್ದರೆ, ಅಥವಾ ಒಂದು ಕಾಲನ್ನು ಎಳೆಯುತ್ತಿದ್ದರೆ, ಮಕ್ಕಳ ವೈದ್ಯರಿಗೆ ತೋರಿಸಿ.